ವಿಂಗ್ ಹಿಡಿದ ಕೈ ಎಷ್ಟು ಓಡಾಡುತ್ತದೆ?

ವಿಂಗ್ ಫಾಯಿಲಿಂಗ್ ಮಾಡುವವರು ಇಬ್ಬರು ಸೇರಿದರೆ ಮೊದಲು ಬರುವ ಪ್ರಶ್ನೆ ಒಂದೇ. ‘ಇವತ್ತು ಎಷ್ಟು ಮೀಟರ್?’ ಅಂದರೆ ಕೈಯಲ್ಲಿ ಹಿಡಿಯುವ ಹಾಯಿ ಎಷ್ಟು ಚದರ ಮೀಟರಿನದು ಅಂತ. ನಾಲ್ಕೋ, ಐದೋ, ಆರೋ. ಆಮೇಲೆ ಬೋರ್ಡ್ ಎಷ್ಟು ಲೀಟರ್, ಫಾಯಿಲ್ ಯಾವುದು ಅಂತ ಮಾತು ಮುಂದುವರಿಯುತ್ತದೆ. ವಿಂಗನ್ನು ಎಲ್ಲಿ ಹಿಡಿಯುತ್ತೀರಿ, ಹೇಗೆ ಹಿಡಿಯುತ್ತೀರಿ ಅಂತ ಕೇಳುವವರು ತೀರಾ ಕಡಿಮೆ. ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ಈ ಆಟದಲ್ಲಿ ಗಾಳಿಗೂ ನಮಗೂ ನಡುವೆ ಇರುವುದು ಎರಡು ಅಂಗೈ ಮಾತ್ರ. ಆ ಅಂಗೈ ಏನನ್ನು ಹಿಡಿದಿದೆ ಅನ್ನುವುದನ್ನು ಕೊನೆಗೆ ಯೋಚಿಸುತ್ತೇವೆ. ಕೆಲವರು ಯೋಚಿಸುವುದೇ ಇಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕಾಲ ಕೆಳಗೆ ಒಂದು ಗಿಡ್ಡ ಬೋರ್ಡ್. ಅದರ ಅಡಿಯಲ್ಲಿ ಮುಕ್ಕಾಲು ಮೀಟರ್ ಆಸುಪಾಸಿನ ಒಂದು ಕಂಬ. ಕಂಬದ ತುದಿಯಲ್ಲಿ ನೀರೊಳಗೆ ಓಡುವ ಪುಟ್ಟ ರೆಕ್ಕೆ. ಅದೇ ಫಾಯಿಲ್. ಸಾಕಷ್ಟು ವೇಗ ಬಂದ ಕೂಡಲೇ ಅದು ಬೋರ್ಡನ್ನೂ ನಮ್ಮನ್ನೂ ನೀರಿನಿಂದ ಮೇಲಕ್ಕೆತ್ತುತ್ತದೆ. ಕೈಯಲ್ಲಿರುವ ಹಾಯಿಯೇ ವಿಂಗ್. ಮುಂದಿನ ಅಂಚಿನಲ್ಲಿ ಗಾಳಿ ತುಂಬಿದ ದಪ್ಪ ಕೊಳವೆ, ನಡುವೆ ಮುಂದಿನಿಂದ ಹಿಂದಕ್ಕೆ ಇನ್ನೊಂದು ಕೊಳವೆ. ಈ ನಡುವಿನದಕ್ಕೆ ಸ್ಟ್ರಟ್ ಅನ್ನುತ್ತಾರೆ. ವಿಂಡ್‌ಸರ್ಫಿಂಗ್‌ನಲ್ಲಿ ಹಾಯಿ ಬೋರ್ಡಿಗೆ ಕೂಡಿಕೊಂಡಿರುತ್ತದೆ. ಕೈಟ್‌ಸರ್ಫಿಂಗ್‌ನಲ್ಲಿ ಉದ್ದುದ್ದ ದಾರ ಇರುತ್ತದೆ. ಇಲ್ಲಿ ಎರಡೂ ಇಲ್ಲ. ಬಿದ್ದಾಗ ವಿಂಗ್ ಹಾರಿಹೋಗದಿರಲಿ ಅಂತ ಮಣಿಕಟ್ಟಿಗೋ ಸೊಂಟಕ್ಕೋ ಕಟ್ಟುವ ಒಂದು ಹಗ್ಗ, ಲೀಶ್, ಇರುತ್ತದೆ, ಅಷ್ಟೇ. ಉಳಿದದ್ದೆಲ್ಲ ಕೈಯ ಕೆಲಸ.

ನಾನು ನೀರಿಗಿಳಿಯುವುದು ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ, ಕ್ರೌನ್ ಬೀಚ್ ಅನ್ನುವ ಕಡೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡ. ಬೇಸಿಗೆಯಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದು ಕೂರುತ್ತದೆ. ಅಲ್ಲಿನ ಬಿಸಿ ಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ಪೆಸಿಫಿಕ್ ಸಾಗರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಸಂದಿಯಿಂದ ಒಳಗೆ ನುಗ್ಗುತ್ತದೆ. ಹಾಗಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಮಧ್ಯಾಹ್ನದ ಮೇಲೆ ಗಾಳಿ ಬಹುಪಾಲು ಗ್ಯಾರಂಟಿ. ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಸಾಫ್ಟ್‌ವೇರ್ ಮಂದಿ ಈ ಕೊಲ್ಲಿಯ ಸುತ್ತ ಬೇಕಾದಷ್ಟಿದ್ದಾರೆ. ಸಂಜೆ ಮೀಟಿಂಗ್ ಇಲ್ಲದ ದಿನ ಬೀಚಿನ ಪಾರ್ಕಿಂಗ್‌ನಲ್ಲಿ ಕನ್ನಡ ಕೇಳಿಸಿದರೆ ಆಶ್ಚರ್ಯ ಪಡಬೇಕಿಲ್ಲ. ಇಲ್ಲಿ ನೀರು ಆಳ ಕಡಿಮೆ, ಅಲೆ ಚಿಕ್ಕದು. ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ. ಇಳಿತದ ಹೊತ್ತಿಗೆ ಮಾತ್ರ ಹುಷಾರಾಗಿರಬೇಕು. ನೀರು ಹಿಂದೆ ಸರಿದು ಫಾಯಿಲ್ ಕೆಸರಿಗೆ ತಾಗುತ್ತದೆ.

ಸರಿ, ಹಿಡಿಕೆಯ ವಿಷಯ. ವಿಂಗ್ ಹಿಡಿಯಲು ಮುಖ್ಯವಾಗಿ ಮೂರು ವ್ಯವಸ್ಥೆ ಇವೆ. ಒಂದು, ಸ್ಟ್ರಟ್‌ಗೆ ಹೊಲಿದ ಬಟ್ಟೆಯ ಹ್ಯಾಂಡಲ್‌ಗಳು. ಎರಡು, ಅದೇ ಜಾಗದಲ್ಲಿ ಕೂರಿಸಿದ ಗಟ್ಟಿ ಹ್ಯಾಂಡಲ್‌ಗಳು. ಮೂರು, ಬೂಮ್. ಅಂದರೆ ಸ್ಟ್ರಟ್‌ನ ಉದ್ದಕ್ಕೂ ಅಲ್ಯೂಮಿನಿಯಂ ಅಥವಾ ಕಾರ್ಬನ್‌ನ ಒಂದೇ ಕೊಳವೆ. ಕೆಲವು ವಿಂಗ್‌ಗಳಲ್ಲಿ ಸ್ಟ್ರಟ್ಟೇ ಇರುವುದಿಲ್ಲ. ಮುಂದಿನ ಅಂಚಿನಿಂದ ಹಿಂದಿನ ಅಂಚಿನ ತನಕ ಬೂಮ್ ಒಂದೇ ಹಾಯಿಯನ್ನು ಬಿಗಿ ಹಿಡಿಯುತ್ತದೆ. ಸಂಗೀತ ಗೊತ್ತಿರುವವರಿಗೆ ಹೇಳುವುದಾದರೆ, ಹ್ಯಾಂಡಲ್ ಅಂದರೆ ಹಾರ್ಮೋನಿಯಂ, ಬೂಮ್ ಅಂದರೆ ಪಿಟೀಲು. ಒಂದರಲ್ಲಿ ಮನೆ ಮೊದಲೇ ಗೊತ್ತುಮಾಡಿ ಇಟ್ಟಿದ್ದಾರೆ. ಇನ್ನೊಂದರಲ್ಲಿ ಬೆರಳು ಎಲ್ಲಿ ಬೇಕಾದರೂ ನಿಲ್ಲಬಹುದು, ಜಾರಬಹುದು.

ಇದೇನು ಹೊಸ ಜಗಳವಲ್ಲ. ಇಂಗ್ಲೆಂಡಿನ ಹೇಲಿಂಗ್ ಐಲೆಂಡ್‌ನಲ್ಲಿ 1958ರಲ್ಲಿ ಪೀಟರ್ ಚಿಲ್ವರ್ಸ್ ಅನ್ನುವ 12 ವರ್ಷದ ಹುಡುಗ ಹಲಗೆಗೆ ಹಾಯಿ ಕಟ್ಟಿ ನೀರಿಗಿಳಿದಿದ್ದ. ಹಾಯಿಯ ಎರಡೂ ಕಡೆ ನೇರವಾದ ಕೋಲು ಕಟ್ಟಿ ಅದನ್ನೇ ಬೂಮ್ ಮಾಡಿಕೊಂಡಿದ್ದ. ಹತ್ತು ವರ್ಷ ಕಳೆದ ಮೇಲೆ, 1968ರಲ್ಲಿ, ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹೋಯ್ಲ್ ಶ್ವೈಟ್ಜರ್ ವಿಂಡ್‌ಸರ್ಫಿಂಗ್‌ಗೆ ಪೇಟೆಂಟ್ ಅರ್ಜಿ ಹಾಕಿದರು. ಅವರದು ಬಾಗಿದ ಬೂಮ್. 1980ರ ದಶಕದಲ್ಲಿ ಬ್ರಿಟನ್ನಿನ ಕೋರ್ಟ್‌ನಲ್ಲಿ ಈ ಪೇಟೆಂಟ್ ಬಗ್ಗೆ ವ್ಯಾಜ್ಯ ನಡೆದಾಗ ಚಿಲ್ವರ್ಸ್‌ನ ಹಲಗೆಯ ವಿಷಯ ಬಂತು. ಅವನದು ನೇರ ಕೋಲು, ಇವರದು ಬಾಗಿದ್ದು, ಎರಡೂ ಒಂದೇ ಹೇಗಾಗುತ್ತದೆ ಅನ್ನುವುದು ವಾದ. ಗಾಳಿ ತುಂಬಿದಾಗ ಆ ನೇರ ಕೋಲೂ ಬಾಗಿಯೇ ಬಾಗುತ್ತದೆ ಅಂತ ಕೋರ್ಟ್ ಹೇಳಿತು. ಪೇಟೆಂಟ್ ಅಲ್ಲಿ ನಿಲ್ಲಲಿಲ್ಲ. ಬೂಮ್ ಬಾಗುವುದರ ಮೇಲೆ ಕೋರ್ಟಿನಲ್ಲಿ ಗಂಟೆಗಟ್ಟಲೆ ಮಾತಾಡಿದ್ದಾರೆ ಅನ್ನುವುದು ನನಗೆ ಯಾಕೋ ತುಂಬ ಇಷ್ಟ.

ಇವತ್ತಿನ ವಿಂಗ್‌ಗೆ ಗಾಳಿ ತುಂಬುವ ಅಂಚು ಬಂದದ್ದು ಕೈಟ್‌ನಿಂದ. ಫ್ರಾನ್ಸಿನ ಲೆಗೆನ್ಯೂ ಸೋದರರು 1984ರಲ್ಲಿ ಪೇಟೆಂಟ್ ಮಾಡಿದ ಉಪಾಯ ಅದು. ಆಮೇಲೆ 2018–19ರ ಹೊತ್ತಿಗೆ ಕಂಪನಿಗಳು ವಿಂಗನ್ನು ಮಾರುಕಟ್ಟೆಗೆ ತಂದಾಗ ಮೊದಲಿನಿಂದಲೇ ಎರಡು ದಾರಿ ಆದವು. ನಾಯಿಶ್ ಹ್ಯಾಂಡಲ್ ಇಟ್ಟಿತು. ಡ್ಯುಯೊಟೋನ್ ಬೂಮ್ ಇಟ್ಟಿತು. ಡ್ಯುಯೊಟೋನ್‌ಗೆ ಅದನ್ನು ವಿನ್ಯಾಸ ಮಾಡಿದ ಕೆನ್ ವಿನ್ನರ್ ಹಳೆಯ ವಿಂಡ್‌ಸರ್ಫಿಂಗ್ ಚಾಂಪಿಯನ್. ಅವರಿಗೆ ಬೂಮ್ ಬಿಟ್ಟು ಬೇರೆ ಹೊಳೆಯುವುದಾದರೂ ಹೇಗೆ, ಅಲ್ವಾ? ಅಂದಿನಿಂದ ಎರಡು ಪಂಗಡಗಳೂ ತಮ್ಮದೇ ಸರಿ ಅನ್ನುತ್ತಾ ಬಂದಿವೆ. ನಡುವೆ ಗಟ್ಟಿ ಹ್ಯಾಂಡಲ್ ಬಂದು ರಾಜಿ ಮಾಡಿಸಲು ನೋಡುತ್ತಿದೆ.

ನನ್ನ ಲೆಕ್ಕದಲ್ಲಿ ಇದು ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಯೇ ಅಲ್ಲ. ನೀರಿನ ಮೇಲೆ ನಿಮ್ಮ ಕೈ ಎಷ್ಟು ಓಡಾಡುತ್ತದೆ? ಅದಕ್ಕೆ ಉತ್ತರ ಸಿಕ್ಕರೆ ಬೂಮ್ ಬೇಕಾ, ಯಾವ ಬೂಮ್, ಹೇಗೆ ಹೊಂದಿಸಬೇಕು ಎಲ್ಲಕ್ಕೂ ಉತ್ತರ ಸಿಗುತ್ತದೆ.

ಏಳುವ ಹೊತ್ತನ್ನೇ ನೋಡಿ. ಬೋರ್ಡ್ ಇನ್ನೂ ನೀರಿಗೆ ಅಂಟಿಕೊಂಡಿದೆ. ವೇಗ ಇಲ್ಲ. ಆಗ ವಿಂಗನ್ನು ಪಂಪ್ ಮಾಡಬೇಕು. ಗಾಳಿ ತುಂಬುವ ಪಂಪ್ ಅಲ್ಲ, ಹಾಯಿಯನ್ನು ಬೀಸಿ ಬೀಸಿ ಎಳೆಯುವುದು. ಎರಡೂ ಕೈ ಅಗಲ ಇರಬೇಕು. ಹಿಂದಿನ ಕೈ ಚೆನ್ನಾಗಿ ಹಿಂದಕ್ಕೆ ಹೋಗಬೇಕು. ಎಳೆದು ಬಿಡಬೇಕು, ಮತ್ತೆ ಎಳೆಯಬೇಕು. ಫಾಯಿಲ್ ಎದ್ದಿತು ಅಂದರೆ ಕಥೆಯೇ ಬದಲಾಯಿತು. ಈಗ ನಾವೇ ವೇಗವಾಗಿ ಓಡುತ್ತಿರುವುದರಿಂದ ಮೈಗೆ ತಾಗುವ ಗಾಳಿ ಮುಂದಿನ ಕಡೆಗೆ ತಿರುಗುತ್ತದೆ. ಅಷ್ಟು ಎಳೆತವೂ ಬೇಡ. ಕೈಗಳು ಹತ್ತಿರ ಬರಬೇಕು, ಸ್ವಲ್ಪ ಮುಂದಕ್ಕೂ ಸರಿಯಬೇಕು. ಒಂದು ನಿಮಿಷದೊಳಗೆ ಒಂದೇ ವಿಂಗ್‌ಗೆ ಎರಡು ಬೇರೆ ಬೇರೆ ಹಿಡಿತ ಬೇಕಾಯಿತು ನೋಡಿ.

ಇನ್ನು ಗಾಳಿಯ ಏರಿಳಿತ. ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. 12 ನಾಟ್ ಇದ್ದದ್ದು 17 ಆದರೆ ಏರಿದ್ದು ಬರೀ 5 ನಾಟ್. ಬಲ ಮಾತ್ರ ಎರಡರಷ್ಟು. ಜೊತೆಗೆ ಬೀಸು ಬಂದಾಗ ಹಾಯಿಯ ಬಟ್ಟೆ ಹಿಗ್ಗಿ ಅದರ ಹೊಟ್ಟೆ ಹಿಂದಕ್ಕೆ ಸರಿಯುತ್ತದೆ. ಎಳೆತದ ಕೇಂದ್ರವೂ ಅದರ ಹಿಂದೆಯೇ ಹೋಗುತ್ತದೆ. ಹಿಂದಿನ ಕೈಗೆ ಇದ್ದಕ್ಕಿದ್ದಂತೆ ಭಾರ. ಬೂಮ್ ಇದ್ದರೆ ಕೈಯನ್ನು ಒಂದು ಗೇಣು ಜಾರಿಸಿದರೆ ಸಾಕು. ಹ್ಯಾಂಡಲ್ ಇದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಆ ಅರ್ಧ ಸೆಕೆಂಡಿನಲ್ಲಿ ಹಳಬರು ಸಲೀಸಾಗಿ ದಾಟುತ್ತಾರೆ. ಹೊಸಬರು ಕಣ್ಣು ಕೆಳಗೆ ಮಾಡಿ ಹ್ಯಾಂಡಲ್ ಹುಡುಕುತ್ತಾರೆ. ಕಣ್ಣು ಕೆಳಗೆ ಹೋದರೆ ಬೋರ್ಡ್ ಕೂಡ ಅದೇ ಕಡೆ ಹೋಗುತ್ತದೆ.

ಆದ್ದರಿಂದ ಕಲಿಯುವವರಿಗೆ, ಸಮತಟ್ಟು ನೀರಿನಲ್ಲಿ ದೂರ ಓಡುವವರಿಗೆ, ಒಂದೇ ಸಮ ಬೀಸದ ಗಾಳಿಯಲ್ಲಿ ಆಡುವವರಿಗೆ ನಾನು ಬೂಮ್ ಅನ್ನುತ್ತೇನೆ. ಅಲೆ ಸವಾರಿ ಮಾಡುವವರಿಗೆ ಬೇಡ ಅನ್ನುತ್ತೇನೆ. ಅಲೆ ಸಿಕ್ಕಿದ ಮೇಲೆ ಅವರು ವಿಂಗನ್ನು ಮುಂದಿನ ಅಂಚಿನ ಹ್ಯಾಂಡಲ್‌ನಲ್ಲಿ ಒಂದೇ ಕೈಯಲ್ಲಿ ಹಿಡಿದು ಸುಮ್ನೆ ಹಿಂದೆ ತೇಲಲು ಬಿಡುತ್ತಾರೆ. ಓಡಿಸುವ ಕೆಲಸವನ್ನು ಅಲೆ ಮಾಡುತ್ತದೆ. ಕೈ ಓಡಾಡುವ ಮಾತೇ ಇಲ್ಲ. ಬೂಮ್ ಅಲ್ಲಿ ಬರೀ ಭಾರ. ಮೇಲಿಂದ ಬಿದ್ದಾಗ ತಲೆಗೋ ಬೋರ್ಡಿನ ಮೂತಿಗೋ ಬಡಿಯುವ ಗಟ್ಟಿ ಕೊಳವೆ. ಹೆಲ್ಮೆಟ್ ಹಾಕಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. ಬೂಮ್‌ನವರಿಗೆ ಎರಡು ಸಲ ಹೇಳುತ್ತೇನೆ.

ಈಗ ಹೊಂದಿಸುವ ವಿಷಯ. ಇಲ್ಲಿ ಜನ ಮಾಡುವ ಗಡಿಬಿಡಿ ಅಂದರೆ ಮೊದಲು ಬೂಮ್‌ಗೆ ಕೈ ಹಾಕುವುದು. ಮೊದಲು ನೋಡಬೇಕಾದ್ದು ಗಾಳಿಯ ಒತ್ತಡ. ಮುಂದಿನ ಅಂಚಿಗೆ ಎಷ್ಟು ಪಿಎಸ್‌ಐ ತುಂಬಬೇಕು ಅಂತ ವಿಂಗ್ ಮೇಲೆಯೇ ಬರೆದಿರುತ್ತದೆ. ಸಾಮಾನ್ಯವಾಗಿ 7ರಿಂದ 10ರ ಒಳಗೆ. ಅಷ್ಟನ್ನು ಪೂರ್ತಿ ತುಂಬದೆ ಬೂಮ್ ಹೊಂದಿಸಿದರೆ ವ್ಯರ್ಥ. ಅಂಚು ಮೆತ್ತಗಿದ್ದರೆ ಜೋರು ಗಾಳಿಗೆ ಅದು ಬಾಗುತ್ತದೆ. ಬಾಗಿದರೆ ಹಾಯಿಯ ಆಕಾರವೇ ಬೇರೆ ಆಗುತ್ತದೆ. ನೀವು ದಡದಲ್ಲಿ ಹೊಂದಿಸಿದ್ದು ಬೇರೆಯೇ ವಿಂಗ್ ಅಂದ ಹಾಗಾಯಿತು.

ಇನ್ನೊಂದು ಸಣ್ಣ ಲೆಕ್ಕ. ಪಂಪ್ ಹೊಡೆಯುವಾಗ ಗಾಳಿ ಬಿಸಿಯಾಗುತ್ತದೆ. ಬಿಸಿಲಲ್ಲಿ ಬಿದ್ದ ವಿಂಗ್ ಇನ್ನೂ ಬಿಸಿ. ಒಳಗಿನ ಗಾಳಿ 30 ಡಿಗ್ರಿ ಇದ್ದಾಗ 8 ಪಿಎಸ್‌ಐ ತುಂಬಿದಿರಿ ಅಂದುಕೊಳ್ಳಿ. ನೀರಿಗೆ ಬಿದ್ದು ಅದು 15 ಡಿಗ್ರಿಗೆ ಇಳಿದರೆ ಒತ್ತಡ ಸುಮಾರು 7ಕ್ಕೆ ಬರುತ್ತದೆ. ಹೈಸ್ಕೂಲಿನ ಅನಿಲ ನಿಯಮ, ಬೇರೇನಲ್ಲ. ಈ ಕೊಲ್ಲಿಯ ನೀರು ಬೇಸಿಗೆಯಲ್ಲೂ ತಣ್ಣಗೇ ಇರುತ್ತದೆ. ‘ಶುರುವಿನಲ್ಲಿ ಚೆನ್ನಾಗಿತ್ತು, ಆಮೇಲೆ ಯಾಕೋ ಕುಲುಕಾಡುತ್ತಿದೆ’ ಅಂತ ಬೂಮ್ ಮೇಲೆ ಗೂಬೆ ಕೂರಿಸುವ ಮುಂಚೆ ದಡಕ್ಕೆ ಬಂದು ಒಂದು ಸಲ ಪಂಪ್ ಸಿಕ್ಕಿಸಿ ನೋಡಿ.

ಗಾಳಿ ಸರಿ ಇದೆ. ಈಗ ಬೂಮ್‌ನ ಮುಂದಿನ ತುದಿ. ಇದು ಮುಂದಿನ ಅಂಚಿಗೆ ಕ್ಲಿಪ್‌ನಿಂದಲೋ ಹಗ್ಗದ ಕುಣಿಕೆಯಿಂದಲೋ ಸೇರಿಕೊಂಡಿರುತ್ತದೆ. ಬೂಮ್ ಹಿಡಿದು ಮಣಿಕಟ್ಟು ತಿರುಗಿಸಿ. ಮುಂದಿನ ಅಂಚು ಅದೇ ಕ್ಷಣಕ್ಕೆ ತಿರುಗಬೇಕು. ಮೊದಲು ಬೂಮ್ ಅಲ್ಲಾಡಿ ಆಮೇಲೆ ವಿಂಗ್ ಅಲ್ಲಾಡಿದರೆ ಕಟ್ಟು ಸಡಿಲ ಇದೆ ಅಂತ ಅರ್ಥ. ಬೂಮ್ ಇಟ್ಟುಕೊಳ್ಳುವುದೇ ನೇರ ಹಿಡಿತಕ್ಕೆ. ಅಲ್ಲಿ ಸಡಿಲ ಇದ್ದರೆ ಬಟ್ಟೆಯ ಹ್ಯಾಂಡಲ್ಲೇ ವಾಸಿ. ಹಗ್ಗದ ಕುಣಿಕೆ ಇರುವವರು ಒಂದು ಸಲ ನೀರಿಗಿಳಿದು ಬಂದ ಮೇಲೆ ಮತ್ತೆ ಬಿಗಿ ಮಾಡುವುದು ಒಳ್ಳೆಯದು. ಹೊಸ ಗಂಟು ಭಾರ ಬಿದ್ದ ಮೇಲೆಯೇ ಕೂರುವುದು.

ಸ್ಟ್ರಟ್ ಇಲ್ಲದ, ಬೂಮ್ ಉದ್ದ ಮಾಡಬಹುದಾದ ವಿಂಗ್‌ಗಳಲ್ಲಿ ಬೂಮ್‌ಗೆ ಎರಡನೆಯ ಕೆಲಸ ಇದೆ. ಅದು ಹಾಯಿಯ ಹೊಟ್ಟೆಯನ್ನು ತೀರ್ಮಾನಿಸುತ್ತದೆ. ಉದ್ದ ಮಾಡಿದರೆ ಬಟ್ಟೆ ಎಳೆದುಕೊಂಡು ಚಪ್ಪಟೆಯಾಗುತ್ತದೆ. ಎಳೆತ ಕಡಿಮೆ, ಹತೋಟಿ ಜಾಸ್ತಿ. ಜೋರು ಗಾಳಿಗೆ ಇದು ಬೇಕು. ಗಿಡ್ಡ ಮಾಡಿದರೆ ಹೊಟ್ಟೆ ಆಳವಾಗುತ್ತದೆ. ಕಡಿಮೆ ಗಾಳಿಯಲ್ಲಿ ಏಳಲು ಇದು ಸಹಾಯ. ತೀರಾ ಗಿಡ್ಡವಾದರೆ ಹಿಂದಿನ ಅಂಚು ಪಟಪಟ ಬಡಿದುಕೊಳ್ಳುತ್ತದೆ, ಹಿಂದಿನ ಕೈ ಸೋತು ಹೋಗುತ್ತದೆ. ತೀರಾ ಉದ್ದವಾದರೆ ವಿಂಗ್ ಮುಟ್ಟಿದರೆ ಸಿಡುಕುತ್ತದೆ. ಗಾಳಿ ಇದೆ, ಎಳೆಯುವುದೇ ಇಲ್ಲ. ಕೊಳವೆಯ ಮೇಲೆ ಇಷ್ಟು ಮೀಟರ್ ವಿಂಗ್‌ಗೆ ಇಷ್ಟು ಅಂತ ಗುರುತು ಇದ್ದರೆ ಅಲ್ಲಿಂದ ಶುರು ಮಾಡಿ. ಒಂದು ಸಲಕ್ಕೆ ಒಂದೆರಡು ಸೆಂಟಿಮೀಟರ್‌ಗಿಂತ ಜಾಸ್ತಿ ಬದಲಿಸಬೇಡಿ. ಒಂದೆರಡು ಸೆಂಟಿಮೀಟರ್ ಅಂದರೆ ಏನು ಮಹಾ ಅನ್ನಿಸುತ್ತದೆ. ನೀರಿನಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ.

ಸ್ಟ್ರಟ್ ಇರುವ ವಿಂಗ್‌ಗಳಲ್ಲಿ ಆಕಾರ ನೋಡಿಕೊಳ್ಳುವುದು ಸ್ಟ್ರಟ್. ಬೂಮ್ ಬರೀ ಹಿಡಿಕೆ. ಅಲ್ಲಿ ನೋಡಬೇಕಾದ್ದು ಬೂಮ್‌ಗೂ ಸ್ಟ್ರಟ್‌ಗೂ ನಡುವಿನ ಸಂದು. ಬೆರಳ ಗೆಣ್ಣು ಸ್ಟ್ರಟ್‌ಗೆ ಉಜ್ಜಬಾರದು. ಕೈಗವಸು ಹಾಕುವವರಿಗೆ ಇನ್ನೂ ಸ್ವಲ್ಪ ಜಾಗ ಬೇಕು. ಸಂದು ಜಾಸ್ತಿ ಆದಷ್ಟೂ ವಿಂಗನ್ನು ಪಕ್ಕಕ್ಕೆ ವಾಲಿಸಲು ಕೈಗೆ ಹೆಚ್ಚು ಬಲ ಸಿಗುತ್ತದೆ. ನನಗೆ ಅದು ಇಷ್ಟ. ಕುಳ್ಳಗಿರುವವರು ಮಂಡಿಯೂರಿ ಶುರು ಮಾಡುವಾಗ ವಿಂಗ್‌ನ ತುದಿ ನೀರಿಗೆ ತಾಗುತ್ತದೆ ಅನ್ನುತ್ತಾರೆ. ಐದು ಚದರ ಮೀಟರಿನ ವಿಂಗ್ ಅಂದರೆ ತುದಿಯಿಂದ ತುದಿಗೆ ಮೂರು ಮೀಟರ್ ದಾಟುತ್ತದೆ, ತಾಗದೆ ಇನ್ನೇನು? ಅವರಿಗೆ ಸಂದು ಜಾಸ್ತಿ ಇರುವ ಬೂಮ್ ಸ್ವಲ್ಪ ನೆರವಾಗುತ್ತದೆ.

ಇಷ್ಟಾದ ಮೇಲೆ ಸಮತೋಲದ ಜಾಗ ಹುಡುಕುವುದು. ನನಗೆ ಅತಿ ಖುಷಿ ಕೊಡುವ ಕೆಲಸ ಇದು. ದಡದಲ್ಲಿ ಗಾಳಿಗೆ ಅಡ್ಡವಾಗಿ ನಿಲ್ಲಿ. ವಿಂಗ್‌ನಲ್ಲಿ ಗಾಳಿ ತುಂಬಿಸಿ. ಎರಡೂ ಕೈಗಳನ್ನು ನಿಧಾನವಾಗಿ ಹತ್ತಿರ ತನ್ನಿ. ಕೊನೆಗೆ ಒಂದೇ ಕೈಯಲ್ಲಿ ಹಿಡಿಯುವ ಹಾಗೆ ಆಗಬೇಕು. ಕೈ ಹಿಂದಿದ್ದರೆ ವಿಂಗ್‌ನ ಮುಂಭಾಗ ದೂರ ಓಡುತ್ತದೆ. ಮುಂದಿದ್ದರೆ ಹಿಂಭಾಗ ಬಿಚ್ಚಿಕೊಂಡು ಗಾಳಿ ಸೋರಿಹೋಗುತ್ತದೆ. ಎರಡೂ ಆಗದ ಒಂದು ಜಾಗ ಇದೆ. ಅಲ್ಲಿ ವಿಂಗ್ ತನ್ನಷ್ಟಕ್ಕೆ ನಿಲ್ಲುತ್ತದೆ. ಅಲ್ಲಿ ಬಣ್ಣದ ಟೇಪ್ ಒಂದು ಸುತ್ತು ಹಾಕಿ. ನೀರಿನ ಮೇಲೆ ಆ ಟೇಪಿನ ಆಚೆ ಈಚೆ ಕೈ ಇಟ್ಟರೆ ಹೆಗಲಗಲ ಸಾಕು. ಮುಂದಿನ ಕೈ ನೋಯುತ್ತಿದ್ದರೆ ಎರಡೂ ಕೈಗಳನ್ನು ಮುಂದಕ್ಕೆ ತನ್ನಿ. ಹಿಂದಿನ ಕೈ ನೋಯುತ್ತಿದ್ದರೆ ಎರಡನ್ನೂ ಹಿಂದಕ್ಕೆ. ಭಾರ ಇರುವ ಕಡೆಗೆ ಹೋಗಬೇಕು, ತಪ್ಪಿಸಿಕೊಂಡು ಓಡಬಾರದು.

ಹಾರ್ನೆಸ್, ಅಂದರೆ ವಿಂಗ್‌ನ ಎಳೆತವನ್ನು ಸೊಂಟಕ್ಕೆ ವಹಿಸುವ ಕೊಕ್ಕೆಯ ಪಟ್ಟಿ, ಬಳಸುವವರಿಗೆ ಈ ಟೇಪ್ ಇನ್ನೂ ಮುಖ್ಯ. ಸೊಂಟದ ಕೊಕ್ಕೆಗೆ ಸಿಕ್ಕಿಸುವ ಹಗ್ಗವನ್ನು ಸರಿಯಾಗಿ ಅದರ ಎರಡೂ ಬದಿಗೆ ಕಟ್ಟಬೇಕು. ಸರಿ ಕಟ್ಟಿದ್ದೀರಾ ಅಂತ ನೋಡಲು ಕೊಕ್ಕೆ ಸಿಕ್ಕಿಸಿ ಕೈ ಸಡಿಲ ಬಿಡಿ. ವಿಂಗ್ ಒಂದೆರಡು ಕ್ಷಣ ತನ್ನಷ್ಟಕ್ಕೆ ನಿಂತರೆ ಸರಿ. ಬೂಮ್ ಇದ್ದರೆ ಹಗ್ಗವನ್ನು ಎಲ್ಲಿ ಬೇಕೋ ಅಲ್ಲಿಗೆ ಸರಿಸಬಹುದು. ಹ್ಯಾಂಡಲ್ ಇದ್ದರೆ ಹ್ಯಾಂಡಲ್ ಇರುವಲ್ಲಿಗೇ ಕಟ್ಟಬೇಕು. ಅದು ಸಮತೋಲದ ಜಾಗಕ್ಕೆ ಸರಿ ಹೊಂದಿದರೆ ಅದೃಷ್ಟ. ದೂರ ಓಡುವವರು ಬೂಮ್ ಬಿಡದೇ ಇರಲು ಅರ್ಧ ಕಾರಣ ಇದೇ ಇರಬೇಕು.

ಕೊಳವೆಯ ದಪ್ಪದ ಬಗ್ಗೆ ಯಾರೂ ಮಾತಾಡುವುದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ವ್ಯತ್ಯಾಸ ಮಾಡುವುದು ಅದೇ. ಕುಂದಾಪುರ ಕಡೆಯ ಗೆಳೆಯ ಒಬ್ಬ ನಮ್ಮ ಜೊತೆ ಬರುತ್ತಾನೆ. ಸಣ್ಣ ಆಳು, ಸಣ್ಣ ಕೈ. ಯಾರೋ ಬಳಸಿದ ಅಲ್ಯೂಮಿನಿಯಂ ಬೂಮ್ ತಂದಿದ್ದ.

‘ಎಂತ ಮಾರಾಯಾ, ಗಾಳಿ ಹಿತವಾಗಿಯೇ ಇದೆ. ಹತ್ತು ನಿಮಿಷಕ್ಕೆ ಮುಂಗೈ ಕಲ್ಲಾಗ್ತದೆ. ನಾಲ್ಕು ಮೀಟರಿನ ವಿಂಗ್ ತಗೊಳ್ಳುವುದಾ ಅಂತ’ ಅಂದ.

‘ಇರು, ಮೊದಲು ಬೂಮ್ ಕೊಡು ಇಲ್ಲಿ’ ಅಂದೆ.

ಹಿಡಿದು ನೋಡಿದರೆ ದಪ್ಪ. ಮೊದಲಿನ ಯಜಮಾನ ಫೋಮ್ ಹಿಡಿಕೆಯ ಮೇಲೆ ಮತ್ತೊಂದು ದಪ್ಪ ಟೇಪ್ ಸುತ್ತಿದ್ದ. ದಾರ ಸುತ್ತಿ ಅಳೆದೆವು. ಸುತ್ತಳತೆ 11 ಸೆಂಟಿಮೀಟರ್. ಅಂದರೆ ವ್ಯಾಸ 35 ಮಿಲಿಮೀಟರ್. ಅವನ ಬೆರಳ ತುದಿಗೂ ಅಂಗೈಗೂ ನಡುವೆ ಎರಡು ಬೆರಳು ಖಾಲಿ. ಹಾಗಿದ್ದಾಗ ಬೆರಳನ್ನು ಕೊಕ್ಕೆ ಮಾಡಿ ನೇತು ಹಾಕಲು ಆಗುವುದಿಲ್ಲ. ಪ್ರತಿ ಕ್ಷಣ ಹಿಂಡಿ ಹಿಡಿಯಬೇಕು. ಮುಂಗೈ ಕಲ್ಲಾಗುವುದು ಹಿಂಡುವುದರಿಂದಲೇ. ವಿಂಗ್‌ನ ಎಳೆತದ ತಪ್ಪು ಅದರಲ್ಲಿ ಕಡಿಮೆ.

ಅವನ ಮನೆಯ ಗ್ಯಾರೇಜಿನಲ್ಲಿ ಕೂತು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಫೋಮ್ ಸುಲಿದೆವು. ಬಿಸಿ ತಾಗಿದ ಕಡೆ ಅದು ಉದ್ದುದ್ದ ಸಿಪ್ಪೆಯಾಗಿ ಬಂತು. ತಣ್ಣಗಿದ್ದ ಕಡೆ ಚೂರು ಚೂರು. ಉಳಿದ ಗೋಂದನ್ನು ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಉಜ್ಜಿ ತೆಗೆದೆವು. ಅದರ ಮೇಲೆ ಟೆನಿಸ್ ರ‍್ಯಾಕೆಟ್‌ಗೆ ಸುತ್ತುವ ತೆಳು ಗ್ರಿಪ್ ಪಟ್ಟಿ. ಪಟ್ಟಿಯ ಮೂರರಲ್ಲಿ ಒಂದು ಪಾಲು ಹಿಂದಿನ ಸುತ್ತಿನ ಮೇಲೆ ಬರುವ ಹಾಗೆ ಎಳೆದು ಎಳೆದು ಸುತ್ತಬೇಕು. ಯಾವ ದಿಕ್ಕಿಗೆ ಸುತ್ತುತ್ತೇವೆ ಅನ್ನುವುದೂ ಮುಖ್ಯ. ಪಂಪ್ ಮಾಡುವಾಗ ಕೈ ಜೋರಾಗಿ ಜಾರುವುದು ಹಿಂದಕ್ಕೆ. ಆದ್ದರಿಂದ ಬೂಮ್‌ನ ಹಿಂತುದಿಯಿಂದ ಶುರು ಮಾಡಿ ಮುಂದಕ್ಕೆ ಸುತ್ತಿದೆವು. ಆಗ ಪಟ್ಟಿಯ ಅಂಚುಗಳು ಹಿಂದಕ್ಕೆ ಮುಖ ಮಾಡಿರುತ್ತವೆ, ಹಿಂದಕ್ಕೆ ಜಾರುವ ಅಂಗೈ ಅವುಗಳನ್ನು ಸವರಿಕೊಂಡು ಹೋಗುತ್ತದೆ, ಎಬ್ಬಿಸುವುದಿಲ್ಲ. ಎರಡೂ ತುದಿಗೆ ಕರೆಂಟ್ ಕೆಲಸದ ಟೇಪ್ ಹಾಕಿದೆವು. ಮತ್ತೆ ಅಳೆದರೆ 9.4 ಸೆಂಟಿಮೀಟರ್, ಅಂದರೆ ವ್ಯಾಸ 30 ಮಿಲಿಮೀಟರ್. ವ್ಯಾಸದಲ್ಲಿ ಐದೇ ಮಿಲಿಮೀಟರ್ ಇಳಿದದ್ದು. ನಾಲ್ಕು ಮೀಟರಿನ ವಿಂಗ್ ಅವನು ಆಮೇಲೆ ತಗೊಂಡ, ಆದರೆ ಜೋರು ಗಾಳಿಯ ಶೆರ್ಮನ್ ಐಲೆಂಡ್‌ಗೆ ಹೋಗಲು ಶುರು ಮಾಡಿದ್ದಕ್ಕೆ.

ಹಾಗಂತ ತೆಳ್ಳಗಾದಷ್ಟೂ ಒಳ್ಳೆಯದು ಅಂತಲ್ಲ. ತೆಳು ಕೊಳವೆ ಬೇಗ ಬಾಗುತ್ತದೆ. ಪಂಪ್ ಮಾಡುವಾಗ ನೀವು ಹಾಕಿದ ಬಲದಲ್ಲಿ ಒಂದು ಪಾಲು ಬೂಮ್ ಬಗ್ಗಿಸಲು ಹೋಗುತ್ತದೆ. ಇಲ್ಲಿ ಕಾರ್ಬನ್ ಬರುತ್ತದೆ. ಅದು ತೆಳ್ಳಗಿದ್ದೂ ಗಟ್ಟಿ, ಕೆಲವು ನೂರು ಗ್ರಾಂ ಹಗುರ. ಬೆಲೆ ಸಾಮಾನ್ಯವಾಗಿ ಅಲ್ಯೂಮಿನಿಯಂನ ದುಪ್ಪಟ್ಟಿಗೂ ಜಾಸ್ತಿ. ನಿಜ ಹೇಳಬೇಕೆಂದರೆ 80 ಕಿಲೋ ದಾಟಿದವರು, ಆರು ಮೀಟರಿನ ದೊಡ್ಡ ವಿಂಗನ್ನು ಪಂಪ್ ಮಾಡಿ ಏಳುವವರು ಇದಕ್ಕೆ ದುಡ್ಡು ಹಾಕಬಹುದು. ಮೂರು ನಾಲ್ಕು ಮೀಟರಿನ ವಿಂಗ್‌ಗೆ, ಹಗುರ ಆಳಿಗೆ ಅಲ್ಯೂಮಿನಿಯಂ ಧಾರಾಳ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಹಾರ್ನೆಸ್ ಬರುತ್ತದೆ. ಅಂಗಡಿಯಲ್ಲಿ ಕಾರ್ಬನ್ ಬೂಮ್ ಕೈಗೆ ಕೊಟ್ಟು ‘ಎಷ್ಟು ಹಗುರ ನೋಡಿ’ ಅನ್ನುತ್ತಾರೆ. ಅಂಗಡಿಯೊಳಗೆ ಗಾಳಿ ಇಲ್ಲ, ಅಲ್ಲಿ ಎಲ್ಲವೂ ಹಗುರವೇ.

ಒಂದು ಎಚ್ಚರಿಕೆ. ಕಾರ್ಬನ್, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಒಟ್ಟಿಗೆ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಕಾರ್ಬನ್ ಕೊಳವೆಗೆ ಅಲ್ಯೂಮಿನಿಯಂ ಭಾಗ ಕೂರಿಸಿದ್ದರೆ ಆ ಕೀಲಿನ ಸುತ್ತ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಸಿಹಿನೀರಿನಲ್ಲಿ ತೊಳೆಯುವುದು ಎಲ್ಲರಿಗೂ ಗೊತ್ತು. ಬಿಚ್ಚಿ ತೊಳೆಯುವುದು ಯಾರಿಗೂ ಬೇಡ. ಒಂದರೊಳಗೊಂದು ಜಾರುವ ಬೂಮ್ ಆದರೆ ಎರಡೂ ತುಂಡು ಬೇರೆ ಮಾಡಿ ಒಳಗೂ ನೀರು ಬಿಡಿ. ಒಂದು ಚಿಟಿಕೆ ಮರಳು ಒಳಗೆ ಉಳಿದು ಒಣಗಿದರೆ ಸಾಕು, ಮುಂದಿನ ಸಲ ಇಬ್ಬರು ಹಗ್ಗಜಗ್ಗಾಟ ಆಡಬೇಕಾಗುತ್ತದೆ.

ಹಳೆಯದನ್ನು ಕೊಳ್ಳುವವರು ಅಲ್ಯೂಮಿನಿಯಂ ಕೊಳವೆಯನ್ನು ಸಮತಟ್ಟು ಮೇಜಿನ ಮೇಲೆ ಉರುಳಿಸಿ ನೋಡಿ. ಬಗ್ಗಿದ್ದರೆ ಎಡವಿ ಎಡವಿ ಉರುಳುತ್ತದೆ. ಪಿನ್ ಕೂರುವ ತೂತುಗಳ ಸುತ್ತ ಕೂದಲಿನಂಥ ಬಿರುಕು ಇದೆಯಾ ನೋಡಿ. ಮುರಿಯುವುದು ಹೆಚ್ಚಾಗಿ ಅಲ್ಲಿಂದಲೇ. ಕಾರ್ಬನ್ ಆದರೆ ನಾಣ್ಯದಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಒಂದೇ ಥರ ಟಣ್ ಅನ್ನಬೇಕು. ಎಲ್ಲಾದರೂ ಮಂದವಾಗಿ ಕೇಳಿಸಿದರೆ ಒಳಗಿನ ಪದರ ಬಿಟ್ಟಿರಬಹುದು. ಕ್ಲಿಪ್ ಕಚ್ಚಿದ ಜಾಗದಲ್ಲಿ ಆಳದ ಗೀರು ಇದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬಿಡಿ.

ಊರಿಗೆ ತಗೊಂಡು ಹೋಗಬೇಕು ಅನ್ನುವವರು ಕೊಳ್ಳುವ ಮೊದಲೇ ಉದ್ದ ನೋಡಬೇಕು. ವಿಮಾನದ ಸಾಮಾನ್ಯ ಚೆಕ್-ಇನ್ ಬ್ಯಾಗ್‌ಗೆ ಉದ್ದ, ಅಗಲ, ಎತ್ತರ ಮೂರೂ ಸೇರಿ 158 ಸೆಂಟಿಮೀಟರ್ ಮಿತಿ. ಒಂದೇ ತುಂಡಿನ ಉದ್ದ ಬೂಮ್ ಅದರಲ್ಲಿ ಹಿಡಿಯುವುದಿಲ್ಲ, ಕ್ರೀಡಾ ಸಾಮಾನು ಅಂತ ಬೇರೆ ದುಡ್ಡು ಕಟ್ಟಬೇಕಾಗುತ್ತದೆ. ಎರಡು ತುಂಡಾಗುವುದು ಬ್ಯಾಗಿನಲ್ಲಿ ಮೂಲೆಯಿಂದ ಮೂಲೆಗೆ ಮಲಗುತ್ತದೆ. ಬಟ್ಟೆಯ ಹ್ಯಾಂಡಲ್‌ನ ವಿಂಗ್ ಆದರೆ ಈ ತಲೆನೋವೇ ಇಲ್ಲ, ಮಡಚಿ ಬೆನ್ನಿಗೆ ಹಾಕಿಕೊಂಡರೆ ಆಯಿತು. ಇದೊಂದು ವಿಷಯದಲ್ಲಿ ಹ್ಯಾಂಡಲ್‌ನವರು ಗೆದ್ದರು ಅಂತ ನಾನು ಯಾವಾಗಲೂ ಒಪ್ಪಿಕೊಳ್ಳುತ್ತೇನೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಕಡಲಿಗೆ ಇಳಿಯುವ ಮಾತೇ ಬೇಡ. ಫೆಬ್ರವರಿಯಿಂದ ಮೇ ತನಕ ಮಧ್ಯಾಹ್ನದ ಕಡಲ ಗಾಳಿಗೆ ದೊಡ್ಡ ವಿಂಗ್ ಬೇಕು, ಹಾಗಾಗಿ ಅದಕ್ಕೆ ಹೊಂದುವ ಉದ್ದದ ಬೂಮ್ ಒಯ್ಯಿರಿ. ಬೂಮ್‌ನ ಪಿನ್ ಮತ್ತು ಮುಂದಿನ ಕುಣಿಕೆಯ ಹಗ್ಗ ಎರಡೆರಡು ಜಾಸ್ತಿ ಇಟ್ಟುಕೊಳ್ಳಿ. ಹಗ್ಗವನ್ನಾದರೂ ಮಲ್ಪೆಯಲ್ಲೋ ಮಂಗಳೂರಿನಲ್ಲೋ ಮೀನುಗಾರರ ಸಾಮಾನಿನ ಅಂಗಡಿಯಲ್ಲಿ ಹುಡುಕಬಹುದು. ಆ ಅಳತೆಯ ಪಿನ್ ಸಿಗುವುದು ಕಷ್ಟ.